ಇಂದಿನ ಧಮ್ಮ ಚಿಂತನೆ: ಕ್ಲಚ್ಚಿನ ಹದ

ಹೊಸ ಬೈಕ್ ತಗೊಂಡು ಹತ್ತು ದಿನವಾಯಿತು, ಕ್ಲಚ್ ಇನ್ನೂ ಕೈಗೆ ಒಗ್ಗುತ್ತಿದೆ. ಕೇಬಲ್ ತೀರಾ ಬಿಗಿಯಿದ್ದರೆ ಕ್ಲಚ್ ಜಾರಿ ಪ್ಲೇಟ್ ಸವೆಯುತ್ತದೆ. ತೀರಾ ಸಡಿಲವಿದ್ದರೆ ಲಿವರ್ ಪೂರ್ತಿ ಹಿಡಿದರೂ ಗೇರ್ ಸಲೀಸಾಗಿ ಬೀಳುವುದಿಲ್ಲ. ಕೇಬಲ್ ಸರಿಯಿದ್ದರೂ ಗಾಡಿ ಎಳೆಯಲು ಶುರುಮಾಡುವ ಜಾಗವನ್ನು ಕೈಯೇ ನಿಧಾನವಾಗಿ ಕಲಿಯಬೇಕು.

ಇದು ನನಗೆ ಅಂಗುತ್ತರ ನಿಕಾಯದ ಸೋಣ ಸುತ್ತವನ್ನು ನೆನಪಿಸಿತು. ಸೋಣ ಭಿಕ್ಖುಗಳು ಬಹಳ ಶ್ರಮಪಟ್ಟರೂ ವಿಮುಕ್ತಿ ಸಿಗದೆ, ಮನೆಗೆ ಮರಳೋಣವೇ ಎಂದು ಯೋಚಿಸುತ್ತಿದ್ದರು. ಅವರು ಮೊದಲು ವೀಣೆ ನುಡಿಸುತ್ತಿದ್ದವರು. ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ನಾದ ಸರಿಬಾರದು ಎಂಬುದನ್ನು ಭಗವಾನರು ಅವರ ಬಾಯಿಂದಲೇ ಹೇಳಿಸಿದರು. ಪ್ರಯತ್ನ ಅತಿಯಾದರೆ ಮನಸ್ಸು ಚಂಚಲ, ಕಡಿಮೆಯಾದರೆ ಆಲಸ್ಯ. ಸೋಣರು ಸಾಧನೆ ಬಿಡಲಿಲ್ಲ, ಹದಕ್ಕೆ ತಂದುಕೊಂಡರು. ಮುಂದೆ ಅರಹಂತರಾದರು.

ಧ್ಯಾನ ನಮ್ಮಿಂದಾಗದು ಎಂದು ಬಿಟ್ಟುಬಿಡುವ ಮುಂಚೆ ಹದ ನೋಡಿಕೊಳ್ಳೋಣ.

*ಇಂದಿನ ಅಭ್ಯಾಸ:* ಕೂತು ಐದು ನಿಮಿಷವಾದ ಮೇಲೆ ದವಡೆ, ಭುಜ ಗಮನಿಸಿ. ಬಿಗಿದಿದ್ದರೆ ಸಡಿಲಿಸಿ. ತೂಕಡಿಕೆ ಬಂದರೆ ಬೆನ್ನು ನೆಟ್ಟಗೆ ಮಾಡಿ. ಮತ್ತೆ ಉಸಿರಿಗೆ ಬನ್ನಿ.

ಎಲ್ಲರಿಗೂ ಮಂಗಳವಾಗಲಿ 🪷