ಅಧ್ಯಾಪಕರ ಪರಿಚಯವೂ ವಿದ್ಯೆಯ ಒಂದು ಭಾಗ

ವಿದ್ಯೆಯು ಪುಸ್ತಕದಿಂದ ಮಾತ್ರ ಬರುವುದಿಲ್ಲ, ಕಲಿಸುವವರ ಸಹವಾಸದಿಂದಲೂ ಬರುತ್ತದೆ. ಪವಿತ್ರ ಕುರ್‌ಆನ್‌ನ ಅಲ್ ಕಹ್ಫ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ)ರವರು ಜ್ಞಾನಿಯೊಬ್ಬರನ್ನು ಅರಸಿ ಹೊರಟ ವೃತ್ತಾಂತವಿದೆ. ಪ್ರವಾದಿಯಾಗಿದ್ದೂ ಅವರು ತಾವೇ ದಾರಿ ಸವೆಸಿದರು, ತಾವೇ ವಿನಯದಿಂದ ಅನುಮತಿ ಕೇಳಿದರು. ಮೊದಲ ಹೆಜ್ಜೆ ಕಲಿಯುವವನದು ಎಂಬುದು ಇದರಲ್ಲಿರುವ ಪಾಠ.

ನನ್ನ ಬಳಿ ಮದ್ರಸದಲ್ಲಿ ಕಲಿತ ಹುಡುಗನೊಬ್ಬ ಹೆತ್ತವರೊಂದಿಗೆ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿನ ಕಮ್ಯುನಿಟಿ ಕಾಲೇಜೊಂದನ್ನು ಸೇರಿದ. ಗಣಿತದ ಮೊದಲ ಪರೀಕ್ಷೆಯಲ್ಲೇ ಅನುತ್ತೀರ್ಣನಾದ. "ಅಧ್ಯಾಪಕರನ್ನು ಕೇಳಲಿಲ್ಲವೇ?" ಎಂದು ಫೋನಿನಲ್ಲಿ ವಿಚಾರಿಸಿದಾಗ, "ಅವರಿಗೆ ತೊಂದರೆ ಕೊಡುವುದು ಹೇಗೆ ಉಸ್ತಾದ್?" ಎಂದ. ಗುರುವಿನ ಮುಂದೆ ತಲೆ ತಗ್ಗಿಸಿ ಸುಮ್ಮನಿರುವುದೇ ಗೌರವವೆಂದು ಅವನಿಗೆ ಕಲಿಸಿದವನು ನಾನೇ. ನಾನು ಕಲಿಸಿದ್ದು ಅರ್ಧ ಪಾಠವಾಗಿತ್ತು.

ಕಮ್ಯುನಿಟಿ ಕಾಲೇಜೆಂದರೆ ಮುಖ್ಯವಾಗಿ ಎರಡು ವರ್ಷಗಳ ವ್ಯಾಸಂಗ ನೀಡುವ ಸಾರ್ವಜನಿಕ ಕಾಲೇಜು. ಇಂದಿಗೂ ನಡೆಯುತ್ತಿರುವವುಗಳಲ್ಲಿ ಅತ್ಯಂತ ಹಳೆಯದು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾಯಿತು. ಶುಲ್ಕ ಕಡಿಮೆಯಾದ್ದರಿಂದ ಅನೇಕರು ಮೊದಲೆರಡು ವರ್ಷ ಇಲ್ಲಿ ಓದಿ, ಅನಂತರ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಇಲ್ಲಿನ ಅಧ್ಯಾಪಕರಿಗೆ ಸಂಶೋಧನೆಗಿಂತ ಬೋಧನೆಯೇ ಮುಖ್ಯ ಕೆಲಸ. ವಿದ್ಯಾರ್ಥಿಗಳನ್ನು ಭೇಟಿಯಾಗಲೆಂದೇ ಅವರು ವಾರದಲ್ಲಿ ಕೆಲವು ಗಂಟೆಗಳನ್ನು ಮೀಸಲಿಡುತ್ತಾರೆ. ಇದಕ್ಕೆ 'ಆಫೀಸ್ ಅವರ್ಸ್' ಎನ್ನುತ್ತಾರೆ. ಮೊದಲ ವಾರ ಕೊಡುವ ಪಾಠಪಟ್ಟಿಯಲ್ಲಿ ಆ ಸಮಯ ನಮೂದಾಗಿರುತ್ತದೆ. ಆ ಹೊತ್ತಿನಲ್ಲಿ ಬಾಗಿಲು ತಟ್ಟುವುದು ತೊಂದರೆಯಲ್ಲ. ತಟ್ಟದಿರುವುದನ್ನು ಅವರು ಅನಾಸಕ್ತಿ ಎಂದು ತಿಳಿಯಬಹುದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈ ಕಾಲೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರೆಕಾಲಿಕ ಅಧ್ಯಾಪಕರು. ಅವರಲ್ಲಿ ಕೆಲವರು ಒಂದು ಕಾಲೇಜಿನಿಂದ ಮತ್ತೊಂದಕ್ಕೆ ಓಡುತ್ತಿರುತ್ತಾರೆ. ಅಂಥವರನ್ನು ತರಗತಿ ಮುಗಿದ ಕೂಡಲೇ ಕಂಡು, ಯಾವಾಗ ಮಾತಾಡಬಹುದೆಂದು ಕೇಳಿಕೊಳ್ಳಬೇಕು.

ಹೋಗುವಾಗ ಏನು ಹೇಳಬೇಕು? ನಿಮ್ಮ ಹೆಸರು, ತರಗತಿ, ಅರ್ಥವಾಗದ ಒಂದು ಲೆಕ್ಕ, ಇಷ್ಟು ಸಾಕು. ಜುಮಾ ನಮಾಝಿನ ಸಮಯಕ್ಕೆ ತರಗತಿ ಬಂದರೆ ಗೈರುಹಾಜರಾದ ಮೇಲಲ್ಲ, ಮೊದಲ ವಾರದಲ್ಲೇ ತಿಳಿಸಬೇಕು. ಅಂಕಕ್ಕಾಗಿ ಹೊಗಳುವುದು ಪರಿಚಯವಲ್ಲ, ಅದು ಮುಖಸ್ತುತಿ. ವಿಶ್ವವಿದ್ಯಾಲಯಕ್ಕೋ ವಿದ್ಯಾರ್ಥಿವೇತನಕ್ಕೋ ಶಿಫಾರಸು ಪತ್ರ ಬೇಕಾದಾಗ, ನಿಮ್ಮನ್ನು ಅರಿಯದ ಅಧ್ಯಾಪಕರು ಪ್ರಾಮಾಣಿಕವಾಗಿ ಏನು ತಾನೇ ಬರೆದಾರು?

ಹೆತ್ತವರು ತಾವೇ ಮಾತಾಡುತ್ತೇವೆಂದರೆ ಅದೂ ಸುಲಭವಲ್ಲ. ಅಲ್ಲಿನ 1974ರ ಕಾನೂನಿನಂತೆ, ಸಾಮಾನ್ಯವಾಗಿ ಕಾಲೇಜು ವಿದ್ಯಾರ್ಥಿಯ ಅಂಕಗಳ ವಿಷಯವನ್ನು ಅವನ ಒಪ್ಪಿಗೆಯಿಲ್ಲದೆ ತಂದೆತಾಯಿಗೂ ತಿಳಿಸುವಂತಿಲ್ಲ. ಆದ್ದರಿಂದ ಮಗನೇ ಹೋಗಬೇಕು, ಮಗಳೇ ಕೇಳಬೇಕು.

ಆ ಹುಡುಗ ಮರುವಾರ ತನ್ನ ಉತ್ತರಪತ್ರಿಕೆ ಹಿಡಿದು ಅಧ್ಯಾಪಕರ ಕೊಠಡಿಗೆ ಹೋದ. ತಪ್ಪಿದ್ದ ಲೆಕ್ಕಗಳನ್ನು ಅವರು ಅವನ ಕೈಯಿಂದಲೇ ಮತ್ತೆ ಮಾಡಿಸಿದರಂತೆ. ಈಗ ಪ್ರತಿ ವಾರ ಹೋಗುತ್ತಾನೆ.

ಓದುಗರೇ, ನಿಮ್ಮ ಮಕ್ಕಳೋ ಬಂಧುಗಳೋ ದೂರದಲ್ಲಿ ಓದುತ್ತಿದ್ದರೆ, ಫೋನಿನಲ್ಲಿ ಅಂಕ ಕೇಳುವ ಮೊದಲು ಇದನ್ನು ಕೇಳಿರಿ: ನಿನ್ನ ಹೆಸರು ಬಲ್ಲ ಅಧ್ಯಾಪಕರು ಎಷ್ಟು ಮಂದಿ? ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ, ಅದನ್ನು ಕೇಳಿ ಪಡೆಯುವ ಧೈರ್ಯವನ್ನೂ ಕರುಣಿಸಲಿ.