ಸೋಮೇಶ್ವರದ ಬಂಡೆಗಳಲ್ಲಿ ಎರಡು ಶನಿವಾರ

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ‘ಜೀವಿಗಳ ಹೊಂದಾಣಿಕೆ’ ಕಲಿಸಲು ನಾನು ಆರಿಸಿಕೊಂಡ ಜಾಗ ಸೋಮೇಶ್ವರದ ಕಡಲತೀರ. ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿ ಉಳ್ಳಾಲದ ಆಚೆಗೆ ಹೋದರೆ ಸಿಗುತ್ತದೆ. ಉದ್ದಕ್ಕೂ ಮರಳು; ಸೋಮನಾಥ ದೇವಸ್ಥಾನದ ಬಳಿ ಮಾತ್ರ ಕಡಲಿಗೆ ಚಾಚಿದ ದೊಡ್ಡ ಬಂಡೆಗಳು. ನೀರು ಇಳಿದಾಗ ಅವುಗಳ ನಡುವಿನ ಗುಂಡಿಗಳಲ್ಲಿ ಉಳಿಯುವ ಜೀವಿಗಳೇ ನನ್ನ ಬೋಧನೋಪಕರಣ.

ಒಂದು ಶನಿವಾರ ಬೆಳಿಗ್ಗೆ 10.30ಕ್ಕೆ ಒಬ್ಬಳೇ ಹೋಗಿ ನೋಡಿ ಬಂದೆ. ಸನ್ಯಾಸಿ ಏಡಿ, ಬಂಡೆಗೆ ಅಂಟಿದ ಬಾರ್ನಕಲ್, ಮುಟ್ಟಿದರೆ ಮುದುಡುವ ಸಮುದ್ರಹೂವು, ಎಲ್ಲವೂ ಇದ್ದವು. ಪಾಠಯೋಜನೆಯಲ್ಲಿ ‘ಮುಂದಿನ ಶನಿವಾರ, ಬೆಳಿಗ್ಗೆ 10.30’ ಎಂದು ಬರೆದೆ. ಮಾರ್ಗದರ್ಶಕರು ವೀಕ್ಷಣೆಗೆ ಬರುವ ಪಾಠವೂ ಅದೇ.

ಮಕ್ಕಳೊಂದಿಗೆ ಇಳಿದು ನೋಡಿದರೆ ಗುಂಡಿಗಳೇ ಇಲ್ಲ! ನಾನು ವಾರದ ಹಿಂದೆ ಕುಳಿತಿದ್ದ ಬಂಡೆಯ ಮೇಲೆ ಅಲೆ ಒಡೆಯುತ್ತಿತ್ತು. ಇಲ್ಲಿ ನನ್ನ ತಪ್ಪನ್ನು ಮುಚ್ಚಿಡದೆ ಬರೆಯಬೇಕು. ಅಂಕದ ಚಿಂತೆಯಲ್ಲಿ, ಮೇಲಿನ ಬಂಡೆಗಳಲ್ಲಾದರೂ ಏನಾದರೂ ಸಿಗಬಹುದೆಂದು ಮಕ್ಕಳನ್ನು ಸಾಲಾಗಿ ಹತ್ತಿಸಿದೆ. ಪಾಚಿಯ ಮೇಲೆ ಕಾಲಿಟ್ಟ ಹುಡುಗಿಯೊಬ್ಬಳು ಜಾರಿದಳು. ಹಿಂದಿದ್ದವಳು ಕೈ ಹಿಡಿದುಕೊಂಡಳು. ಬಾರ್ನಕಲ್ ತಾಗಿ ಅಂಗೈ ಗೀರಿದ್ದಷ್ಟೇ. ಎಲ್ಲರನ್ನೂ ಕೆಳಗಿಳಿಸಿ ಮರಳಿನ ಮೇಲೆ, ನೀರಿನಿಂದ ದೂರ ಕೂರಿಸಿದೆ. ಗಾಯ ತೊಳೆದು ಔಷಧ ಹಚ್ಚುವಾಗ ನನ್ನ ಕೈ ನಡುಗುತ್ತಿತ್ತು.

ಆಗ ಒಬ್ಬ ಹುಡುಗ ಕೇಳಿದ: “ಕಳೆದ ವಾರ ಇತ್ತು ಅಂತ ಹೇಳಿದ್ರಲ್ಲಾ ಟೀಚರ್, ಈಗ ಎಲ್ಲಿ ಹೋಯ್ತು?” ಮೀನುಗಾರರ ಮನೆಯ ಹುಡುಗಿಯೊಬ್ಬಳು ನನಗಿಂತ ಮೊದಲೇ ಉತ್ತರ ಕೊಟ್ಟಳು: “ಇವತ್ತು ಹುಣ್ಣಿಮೆ ಅಲ್ವಾ? ಈ ಹೊತ್ತಿಗೆ ಭರತವೇ ಇರ್ತದೆ.”

ಯೋಜನೆಯ ಹಾಳೆಯನ್ನು ಮಡಚಿಟ್ಟು ಮರಳಿನ ಮೇಲೆ ಕೋಲಿನಿಂದ ಲೆಕ್ಕ ಬರೆದೆವು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ತನ್ನ ಕಕ್ಷೆಯಲ್ಲಿ ಮುಂದೆ ಸರಿದಿರುವುದೇ ಕಾರಣ. ಏಳು ದಿನಕ್ಕೆ 350 ನಿಮಿಷ, ಅಂದರೆ 5 ಗಂಟೆ 50 ನಿಮಿಷ. ಒಂದು ಇಳಿತಕ್ಕೂ ಮುಂದಿನ ಭರತಕ್ಕೂ ನಡುವೆ 6 ಗಂಟೆಗಿಂತ ಸ್ವಲ್ಪ ಹೆಚ್ಚು. ಹಾಗಾಗಿ ಕಳೆದ ಶನಿವಾರ ಇಳಿತವಿದ್ದ ಹೊತ್ತಿನಲ್ಲಿ ಈ ಶನಿವಾರ ಭರತ. ಶಾಲೆಯ ಗಂಟೆಯನ್ನು ನಂಬಿ ನಾನು ತೀರಾ ಕೆಟ್ಟ ಹೊತ್ತನ್ನೇ ಆರಿಸಿಕೊಂಡಿದ್ದೆ.

ಮುಂದಿನ ಶನಿವಾರ ಯಾವಾಗ ಬರಬೇಕು ಎಂಬುದನ್ನು ಮಕ್ಕಳೇ ಕಂಡುಹಿಡಿಯಲಿ ಎಂದೆ. 14 ದಿನಕ್ಕೆ 11 ಗಂಟೆ 40 ನಿಮಿಷ. ಇಳಿತ ರಾತ್ರಿ 10.10ಕ್ಕೆ. ಎರಡು ಇಳಿತಗಳ ನಡುವೆ 12 ಗಂಟೆ 25 ನಿಮಿಷ. ಹಿಂದಿನದು ಬೆಳಿಗ್ಗೆ 9.45ಕ್ಕೆ. ಶಾಲೆಗೆ ಮರಳಿ ಉಬ್ಬರವಿಳಿತದ ಕೋಷ್ಟಕ ತೆರೆದಾಗ ಸ್ವಲ್ಪ ವ್ಯತ್ಯಾಸ ಕಂಡಿತು. ಐವತ್ತು ನಿಮಿಷ ಬರೀ ಸರಾಸರಿ ಎನ್ನಲು ಅದೇ ಅವಕಾಶವಾಯಿತು. ಭಾರತೀಯ ಸರ್ವೇಕ್ಷಣಾ ಇಲಾಖೆ ಇಂತಹ ಕೋಷ್ಟಕಗಳನ್ನು ಪ್ರಕಟಿಸುತ್ತದೆ; ಕರಾವಳಿಯಲ್ಲಿ ಪಾಠ ಮಾಡುವವರ ಮೇಜಿನ ಮೇಲೆ ಅದು ಇರಲೇಬೇಕು.

ಎರಡನೇ ಭೇಟಿಗೆ ಇಳಿತಕ್ಕೆ ಒಂದು ಗಂಟೆ ಮೊದಲೇ ತಲುಪಿ, ನೀರು ತಿರುಗಿ ಅರ್ಧ ಗಂಟೆಯೊಳಗೆ ಹೊರಟೆವು. ಐದೈದು ಮಕ್ಕಳ ಗುಂಪಿಗೆ ಒಬ್ಬ ಪ್ರಶಿಕ್ಷಣಾರ್ಥಿ, ಹಸಿರು ಬಂಡೆಗೆ ಕಾಲಿಡುವಂತಿಲ್ಲ, ಎತ್ತಿದ ಕಲ್ಲನ್ನು ಅದೇ ಜಾಗದಲ್ಲಿ ಅದೇ ಮಗ್ಗುಲಿಗೆ ಇಡಬೇಕು. ಹೊಂದಾಣಿಕೆಯ ವ್ಯಾಖ್ಯೆಯನ್ನು ನಾನು ಹೇಳಲಿಲ್ಲ. ಬಾರ್ನಕಲ್‌ಗಳ ಬಾಯಿ ಯಾಕೆ ಮುಚ್ಚಿದೆ ಎಂದಷ್ಟೇ ಕೇಳಿದೆ. ಮನೆಯಲ್ಲಿ ಮರುವಾಯಿ ತೊಳೆದು ಗೊತ್ತಿದ್ದವನೊಬ್ಬ, “ಒಳಗಿನ ನೀರು ಒಣಗಬಾರದಲ್ಲಾ” ಎಂದ. ನೀರಿನಿಂದ ಹೊರಗಿದ್ದ ಸಮುದ್ರಹೂವು ಉಂಡೆಯಾಗಿದ್ದುದನ್ನೂ ಗುಂಡಿಯೊಳಗಿನದು ಅರಳಿದ್ದುದನ್ನೂ ಅವರು ತಾವೇ ಹೋಲಿಸಿದರು.

ಹೊರಡುವಾಗ ಒಬ್ಬಳು, “ನೀರು ಮೇಲೆ ಬಂದಾಗ ಈ ಏಡಿ ಎಲ್ಲಿಗೆ ಹೋಗ್ತದೆ ಟೀಚರ್?” ಎಂದಳು. ನೋಡಬೇಕೆಂದರೆ ನೀರು ಏರುವವರೆಗೆ ಅಲ್ಲೇ ಇರಬೇಕು; ಮಕ್ಕಳನ್ನು ಆಗ ಅಲ್ಲಿ ನಿಲ್ಲಿಸುವಂತಿಲ್ಲ. ಆ ಪ್ರಶ್ನೆ ತರಗತಿಯ ಚಾರ್ಟಿನ ಕೆಳತುದಿಯಲ್ಲಿ ಹಾಗೆಯೇ ಇದೆ.