ವಿದೇಶದಲ್ಲಿ ಸೇನಾ ತಾಲೀಮು: ಕರೆಪತ್ರ ಬಂದ ದಿನದಿಂದ ಮನೆಗೆ ಮರಳುವ ತನಕ

ಸಿಂಗಾಪುರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಈಗ ಎರಡನೇ ತಲೆಮಾರು ದುಡಿಮೆಗೆ ಇಳಿದಿದೆ. ಕೆಲಸಕ್ಕೆಂದು ಬಂದು ಪಿಆರ್, ಅಂದರೆ ಕಾಯಂ ನಿವಾಸದ ಹಕ್ಕು, ಪಡೆದ ಅಪ್ಪನಿಗೆ ಸೇನಾ ಸೇವೆಯಿಂದ ವಿನಾಯಿತಿ ಇದ್ದರೂ ಅವನ ಮೂಲಕ ಪಿಆರ್ ಆದ ಮಗನಿಗೆ ಅದು ಇಲ್ಲ. ಹುಡುಗ ಹದಿನೆಂಟು ದಾಟಿದ ಮೇಲೆ ಎರಡು ವರ್ಷ ಪೂರ್ಣಾವಧಿ ರಾಷ್ಟ್ರೀಯ ಸೇವೆ, ಅಂದರೆ ಎನ್‌ಎಸ್, ಮುಗಿಸಬೇಕು. ನಂತರ ಅವನು ರಿಸರ್ವಿಸ್ಟ್. ಬ್ಯಾಂಕಿನಲ್ಲಿರಲಿ, ಸಾಫ್ಟ್‌ವೇರ್ ಕಂಪನಿಯಲ್ಲಿರಲಿ, ಹತ್ತು ವರ್ಷಗಳ ತರಬೇತಿ ಚಕ್ರದಲ್ಲಿ ವರ್ಷಕ್ಕೆ ಗರಿಷ್ಠ 40 ದಿನ ಸೇನೆ ಅವನನ್ನು ಕರೆಸಿಕೊಳ್ಳಬಹುದು. ಹೀಗೆ ಕರೆಸಿ ನಡೆಸುವ ತಾಲೀಮನ್ನು ಅಲ್ಲಿ ಎಲ್ಲರೂ ಐಸಿಟಿ ಎನ್ನುತ್ತಾರೆ.

ಆ ಐಸಿಟಿ ಕೆಲವೊಮ್ಮೆ ದೇಶದ ಹೊರಗೆ ನಡೆಯುತ್ತದೆ. ಸಿಂಗಾಪುರದ ಒಟ್ಟು ವಿಸ್ತೀರ್ಣ ಸುಮಾರು 735 ಚದರ ಕಿ.ಮೀ. ಇಪ್ಪತ್ತು–ಮೂವತ್ತು ಕಿ.ಮೀ. ದೂರಕ್ಕೆ ಗುಂಡು ಹಾರಿಸುವ 155 ಮಿ.ಮೀ. ಫಿರಂಗಿಯನ್ನು ಅಷ್ಟು ಜಾಗದಲ್ಲಿ ಅಭ್ಯಾಸ ಮಾಡಲು ಸಾಧ್ಯವಿಲ್ಲ. ಆದ್ದರಿಂದ ನ್ಯೂಜಿಲೆಂಡ್, ಥಾಯ್ಲೆಂಡ್, ಬ್ರೂನೈ, ತೈವಾನ್, ಅಮೆರಿಕಗಳಲ್ಲಿ ಸಿಂಗಾಪುರದ ಪಡೆಗಳು ತಾಲೀಮು ನಡೆಸುತ್ತವೆ. ನಮ್ಮ ದೇಶದ ಬಬೀನಾ ಮತ್ತು ದೇವಳಾಲಿಯಲ್ಲಿ ಭಾರತೀಯ ಸೇನೆಯ ಜೊತೆ ಜಂಟಿ ತಾಲೀಮೂ ನಡೆದಿದೆ. ಎಲ್ಲಕ್ಕಿಂತ ದೊಡ್ಡದು ಆಸ್ಟ್ರೇಲಿಯದ ‘ವಾಲಬಿ’. 1990ರಿಂದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ರಾಕ್‌ಹ್ಯಾಂಪ್ಟನ್ ಪಟ್ಟಣದ ಬಳಿಯ ಶೋಲ್‌ವಾಟರ್ ಬೇ ಬಯಲಿನಲ್ಲಿ ಇದು ನಡೆಯುತ್ತಿದೆ. ಆ ಒಂದು ತಾಲೀಮು ಪ್ರದೇಶವೇ ಸಿಂಗಾಪುರದ ಹಲವು ಪಟ್ಟು ದೊಡ್ಡದು.

ನಾನು ಆ ಬಯಲಿನ ಧೂಳು ಕುಡಿದು ಬಂದವನು. ಅಲ್ಲಿ ಕಲಿತದ್ದನ್ನು ಮುಂದೆ ಹೋಗುವ ಹುಡುಗರಿಗಾಗಿ, ಅವರ ಮನೆಯವರಿಗಾಗಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ವರ್ಷವಿಡೀ ಕುರ್ಚಿಯಲ್ಲಿ ಕುಳಿತ ಮೈ ವಿಮಾನ ಇಳಿದ ಕೂಡಲೇ ಸೈನಿಕನ ಮೈ ಆಗುವುದಿಲ್ಲ. ರಿಸರ್ವಿಸ್ಟ್ ಆದವನನ್ನು ಕಾಪಾಡುವುದು ಎರಡೇ: ಮುಂಚಿನ ತಯಾರಿ ಮತ್ತು ತೊಂದರೆ ಇದ್ದಾಗ ಬಾಯಿ ಬಿಟ್ಟು ಹೇಳುವ ಅಭ್ಯಾಸ.

1. ಕರೆಪತ್ರ ಕೈಸೇರಿದ ವಾರ

‘ಎಸ್‌ಎಎಫ್ 100’ ಎಂಬ ಕರೆಪತ್ರ ದೀರ್ಘ ತಾಲೀಮಿಗೆ ಸಾಮಾನ್ಯವಾಗಿ ಆರು ತಿಂಗಳು ಮೊದಲೇ ಬರುತ್ತದೆ. ಅದೇ ವಾರ ನಾಲ್ಕು ಕೆಲಸ ಮುಗಿಸಿ.

- ದಿನಾಂಕಗಳನ್ನು ಕಚೇರಿಯ ಮೇಲಧಿಕಾರಿಗೆ ಬರಹದಲ್ಲಿ ತಿಳಿಸಿ. ಸಿಬ್ಬಂದಿಯನ್ನು ಕಳುಹಿಸಿಕೊಡುವುದು ಕಂಪನಿಗೆ ಕಾನೂನಿನ ಕರ್ತವ್ಯ. ಆದರೂ ಕೊನೆಯ ಗಳಿಗೆಯಲ್ಲಿ ಹೇಳಿ ಸಹೋದ್ಯೋಗಿಗಳ ಮೇಲೆ ಹೊರೆ ಹಾಕಬೇಡಿ.
- ಪಾಸ್‌ಪೋರ್ಟ್ ತೆಗೆದು ನೋಡಿ. ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಭಾರತದ ಪಾಸ್‌ಪೋರ್ಟ್ ಇರುವ ಪಿಆರ್ ಆಗಿದ್ದರೆ ವೀಸಾ ವಿಷಯವನ್ನು ನಿಮ್ಮ ಘಟಕದ ಕಚೇರಿಯಲ್ಲಿ ಆಗಲೇ ಕೇಳಿ.
- ಸ್ವಂತ ಮದುವೆ, ಪರೀಕ್ಷೆಯಂಥ ಕಾರಣಕ್ಕೆ ಮುಂದೂಡಿಕೆ ಬೇಕಿದ್ದರೆ ದಾಖಲೆ ಸಮೇತ ಬೇಗ ಅರ್ಜಿ ಹಾಕಿ. ಊರಿನಲ್ಲಿ ಮುಹೂರ್ತ ಗೊತ್ತುಮಾಡುವ ಮುನ್ನ ಮನೆಯವರಿಗೆ ತಾಲೀಮಿನ ದಿನಾಂಕ ತಿಳಿದಿರಲಿ.
- ಸಂಬಳದ ಲೆಕ್ಕ ಕೇಳಿಕೊಳ್ಳಿ. ತಾಲೀಮಿನ ದಿನಗಳ ಆದಾಯ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ. ಕಂಪನಿಯೇ ಎಂದಿನಂತೆ ಸಂಬಳ ಕೊಟ್ಟು ಆಮೇಲೆ ಸರ್ಕಾರದಿಂದ ಪಡೆಯುತ್ತದೆಯೋ ಅಥವಾ ಹಣ ನೇರ ನಿಮ್ಮ ಖಾತೆಗೆ ಬರುತ್ತದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಿ.

2. ಎರಡು ತಿಂಗಳು ಮೊದಲು: ಮೈ, ಕಾಲು, ಬೂಟು

ಸೇನೆಯ ವಾರ್ಷಿಕ ದೇಹದಾರ್ಢ್ಯ ಪರೀಕ್ಷೆಯಲ್ಲಿ ದಂಡ, ಸಿಟ್‌ಅಪ್ ಮತ್ತು 2.4 ಕಿ.ಮೀ. ಓಟ ಇರುತ್ತವೆ. ಅದರಲ್ಲಿ ಪಾಸಾದ ಮಾತ್ರಕ್ಕೆ ಬೆನ್ನ ಮೇಲೆ ಭಾರ ಹೊತ್ತು ಏರುಪೇರಿನ ನೆಲದಲ್ಲಿ ಗಂಟೆಗಟ್ಟಲೆ ನಡೆಯುವ ಶಕ್ತಿ ಬಂದುಬಿಡುವುದಿಲ್ಲ. ವಾರಕ್ಕೆ ಮೂರು ದಿನ ನಡಿಗೆ ಶುರುಮಾಡಿ. ಮೊದಲು ಬರಿಗೈಯಲ್ಲಿ, ಆಮೇಲೆ ಬ್ಯಾಗು ಹೊತ್ತು, ಕೊನೆಯ ಮೂರು ವಾರ ಬೂಟು ಹಾಕಿಕೊಂಡೇ ನಡೆಯಿರಿ.

ಬೂಟಿನ ಬಗ್ಗೆ ವಿಶೇಷವಾಗಿ ಹೇಳಬೇಕು. ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಬೂಟು ಮೇಲ್ನೋಟಕ್ಕೆ ಹೊಸದರಂತೆ ಹೊಳೆಯುತ್ತದೆ. ಆದರೆ ಸಿಂಗಾಪುರದ ತೇವದ ಹವೆಗೆ ಅದರ ಅಡಿಭಾಗ ಒಳಗೊಳಗೇ ಕೊಳೆತಿರುತ್ತದೆ. ಎರಡೂ ಕೈಯಲ್ಲಿ ಹಿಡಿದು ಬೂಟನ್ನು ಬಾಗಿಸಿ, ಅಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ. ಪುಡಿ ಉದುರಿದರೆ, ಬಿರುಕು ಕಂಡರೆ, ಅಂಟು ಬಿಟ್ಟಿದ್ದರೆ ಆ ಜೊತೆಯನ್ನು ಬಿಟ್ಟು ಹೊಸದು ಪಡೆಯಿರಿ. ಬೀಡುಬಿಟ್ಟ ಜಾಗದಿಂದ ಮೈಲಿಗಟ್ಟಲೆ ದೂರದಲ್ಲಿ ಅಟ್ಟೆ ಕಿತ್ತು ಬಂದು, ಅದನ್ನು ಟೇಪಿನಿಂದ ಸುತ್ತಿ ಕಾಲೆಳೆಯುತ್ತ ನಡೆದ ಸಂಗಾತಿಗಳನ್ನು ನೋಡಿದ್ದೇನೆ.

ಇದೇ ಅವಧಿಯಲ್ಲಿ ಹಲ್ಲು ತೋರಿಸಿಕೊಳ್ಳಿ. ಅಸ್ತಮಾ, ಅಲರ್ಜಿ, ಬೆನ್ನುನೋವು, ನಿತ್ಯ ತೆಗೆದುಕೊಳ್ಳುವ ಮಾತ್ರೆ ಯಾವುದನ್ನೂ ಸೇನಾ ವೈದ್ಯರಿಂದ ಮುಚ್ಚಿಡಬೇಡಿ. ‘ಎಲ್ಲರೂ ಹೋಗುತ್ತಿದ್ದಾರೆ, ನಾನೊಬ್ಬ ಹಿಂದುಳಿದರೆ ಹೇಗೆ’ ಎಂಬ ಸಂಕೋಚದಿಂದ ಮುಚ್ಚಿಟ್ಟ ಕಾಯಿಲೆ ಕಾಡಿನ ನಡುವೆ ಇಡೀ ತಂಡದ ಕಷ್ಟವಾಗುತ್ತದೆ. ಸಸ್ಯಾಹಾರಿಗಳು ಊಟದ ವಿಷಯವನ್ನೂ ಈಗಲೇ ನೋಂದಾಯಿಸಿ. ಸೇನೆಯ ಪೊಟ್ಟಣದ ಊಟದಲ್ಲಿ ಸಸ್ಯಾಹಾರವೂ ಇದೆ, ಆದರೆ ಮೊದಲೇ ಹೇಳಿದವರ ಪಾಲು ಮಾತ್ರ ಬರುತ್ತದೆ.

3. ಚೀಲ ಕಟ್ಟುವಾಗ

ಸೇನೆ ಕೊಡುವ ಪಟ್ಟಿಯ ಸಾಮಾನು ಹೇಗೂ ಇರುತ್ತದೆ. ಅದರ ಜೊತೆಗೆ ಇವನ್ನು ಸೇರಿಸಿ:

- ಹೆಚ್ಚುವರಿ ಕಾಲುಚೀಲ. ಪ್ರತಿ ಜೊತೆಯನ್ನೂ ಬೇರೆ ಬೇರೆ ಜಿಪ್ ಕವರಿನಲ್ಲಿ ಹಾಕಿಡಿ
- ಕಾಲಿನ ಪೌಡರ್, ಬೊಬ್ಬೆಗೆ ಅಂಟಿಸುವ ಪಟ್ಟಿ
- ತುಟಿಗೆ ಹಚ್ಚುವ ಬಾಮ್, ಸನ್‌ಸ್ಕ್ರೀನ್, ಮೈಗೆ ಹಚ್ಚುವ ಕ್ರೀಮ್
- ರಾತ್ರಿ ಚಳಿಗೆ ಒಳ ಅಂಗಿ, ಬೀನಿ ಟೋಪಿ
- ಹಣೆಗೆ ಕಟ್ಟುವ ಟಾರ್ಚ್, ಪವರ್ ಬ್ಯಾಂಕ್ (ಕೈಚೀಲದಲ್ಲಿ)
- ವೈದ್ಯರ ಚೀಟಿ ಸಮೇತ ನಿಮ್ಮ ಮಾತ್ರೆಗಳು

ಆಸ್ಟ್ರೇಲಿಯ ತನ್ನ ಮಣ್ಣು, ಬೆಳೆ, ದನಕರುಗಳನ್ನು ಹೊರಗಿನ ರೋಗಗಳಿಂದ ಕಾಯಲು ಬಲು ಬಿಗಿಯಾದ ನಿಯಮ ಇಟ್ಟುಕೊಂಡಿದೆ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಚಟ್ನಿಪುಡಿ, ಉಪ್ಪಿನಕಾಯಿ, ಹಾಲಿನ ಸಿಹಿ ಇವನ್ನೆಲ್ಲ ಮನೆಯಲ್ಲೇ ಬಿಟ್ಟು ಹೋಗಿ. ತಿನ್ನುವ ವಸ್ತು ಏನೇ ಇದ್ದರೂ ಘೋಷಣಾ ಪತ್ರದಲ್ಲಿ ಬರೆಯಲೇಬೇಕು. ಮುಚ್ಚಿಟ್ಟರೆ ದಂಡ ತೆರಬೇಕಾಗುತ್ತದೆ. ಬೂಟಿನ ಅಟ್ಟೆಯ ಗೀರುಗಳಲ್ಲಿ ಒಂದು ಹರಳು ಮಣ್ಣು, ಒಂದು ಹುಲ್ಲಿನ ಬೀಜ ಉಳಿಯದಂತೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಬ್ಯಾಗಿನ ಮೂಲೆ, ವೆಲ್ಕ್ರೋ ಪಟ್ಟಿಯ ಎಳೆಗಳನ್ನೂ ಬಿಡಬೇಡಿ. ಬೀಜ ಅಂಟುವುದು ಅಲ್ಲೇ ಹೆಚ್ಚು.

4. ಮೊದಲ ಮೂರು ದಿನ

ಸಿಂಗಾಪುರದಲ್ಲಿ ಬೆವರು ಮೈಮೇಲೆ ನಿಂತು ತೊಟ್ಟಿಕ್ಕುತ್ತದೆ. ಕ್ವೀನ್ಸ್‌ಲ್ಯಾಂಡಿನ ಒಣ ಗಾಳಿಯಲ್ಲಿ ಅದು ಕಾಣುವ ಮುನ್ನವೇ ಆರಿಹೋಗುತ್ತದೆ. ಬೆವರಲಿಲ್ಲವೆಂದು ನೀರು ಕುಡಿಯದೆ ಇದ್ದವನು ಮಧ್ಯಾಹ್ನದ ಹೊತ್ತಿಗೆ ತಲೆಸುತ್ತಿ ಕೂರುತ್ತಾನೆ. ಬಾಯಾರಿಕೆಗೆ ಕಾಯದೆ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಮೂತ್ರದ ಬಣ್ಣ ಗಾಢವಾಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ. ಜೊತೆಗಾರ ಮಾತು ತೊದಲಿದರೆ, ಗೊಂದಲಗೊಂಡರೆ, ಹೆಜ್ಜೆ ತಪ್ಪಿದರೆ ಕೂಡಲೇ ಕೂಗಿ ನೆರವು ಕರೆಯಿರಿ. ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಸುರಿದು ಗಾಳಿ ಬೀಸಿ. ಸೂರ್ಯ ಮುಳುಗಿದ ಮೇಲೆ ಚಳಿ ಬೇಗ ಏರುತ್ತದೆ. ಬೆವರಿದ ಬನಿಯನ್ ಅನ್ನು ಕತ್ತಲಾಗುವ ಮುನ್ನವೇ ಬದಲಿಸಿ.

5. ಹುಲ್ಲು, ಹಾವು, ಬೆಂಕಿ

ಕೂರುವ ಮುನ್ನ ನೆಲ ನೋಡಿ, ಮರದ ಕೊರಡಿನ ಕೆಳಗೆ ಕೈ ಹಾಕಬೇಡಿ, ಬೆಳಿಗ್ಗೆ ಬೂಟನ್ನು ತಲೆಕೆಳಗಾಗಿ ಕೊಡವಿ ಹಾಕಿಕೊಳ್ಳಿ. ವಿಷದ ಹಾವು, ಜೇಡ ಎರಡೂ ಅಲ್ಲಿವೆ. ಕೈಗೋ ಕಾಲಿಗೋ ಹಾವು ಕಚ್ಚಿದರೆ ಅಲ್ಲಿ ಹೇಳಿಕೊಡುವ ಕ್ರಮ ಇದು: ಗಾಯವನ್ನು ತೊಳೆಯಬಾರದು, ಕೊಯ್ಯಬಾರದು, ಅಗಲವಾದ ಬ್ಯಾಂಡೇಜನ್ನು ಇಡೀ ಕೈಗೆ ಅಥವಾ ಕಾಲಿಗೆ ಬಿಗಿಯಾಗಿ ಸುತ್ತಿ, ಅಲುಗದಂತೆ ಕಟ್ಟಿ, ಕಚ್ಚಿಸಿಕೊಂಡವನನ್ನು ಒಂದು ಹೆಜ್ಜೆಯೂ ನಡೆಸದೆ ಸಾಗಿಸಬೇಕು. ಇದು ಆಸ್ಟ್ರೇಲಿಯದ ಹಾವುಗಳಿಗೆ ಹೇಳಿದ ಕ್ರಮ. ನಮ್ಮೂರಿನಲ್ಲಿ ಕೊಳಕುಮಂಡಲ ಕಚ್ಚಿದಾಗ ಬಿಗಿಯಾಗಿ ಕಟ್ಟಬಾರದು ಎಂಬುದನ್ನು ನೆನಪಿಡಿ. ಒಣಹುಲ್ಲಿನ ಮೇಲೆ ಒಲೆ ಹಚ್ಚುವುದು, ಸಿಗರೇಟಿನ ತುಂಡು ಎಸೆಯುವುದು ಕಾಳ್ಗಿಚ್ಚಿಗೆ ಆಹ್ವಾನ.

6. ಯಂತ್ರದ ಬಳಿ ಮೌನ ಬೇಡ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. 2019ರ ಜನವರಿ 19ರಂದು ನ್ಯೂಜಿಲೆಂಡಿನ ವಾಯ್‌ಊರು ಎಂಬಲ್ಲಿ ನಡೆದ ತಾಲೀಮಿನಲ್ಲಿ ಸಿಂಗಾಪುರದ ಜನಪ್ರಿಯ ನಟ, ರಿಸರ್ವಿಸ್ಟ್ ಅಲೋಷಿಯಸ್ ಪಾಂಗ್ ಸ್ವಯಂಚಾಲಿತ ಫಿರಂಗಿ ವಾಹನದ ಒಳಗೆ ದುರಸ್ತಿ ಕೆಲಸದಲ್ಲಿದ್ದರು. ಫಿರಂಗಿಯ ನಳಿಕೆ ಕೆಳಗಿಳಿಯಿತು. ನಳಿಕೆಗೂ ಒಳಗೋಡೆಗೂ ನಡುವೆ ಸಿಕ್ಕಿ ಗಾಯಗೊಂಡ ಅವರು ನಾಲ್ಕು ದಿನಗಳ ಬಳಿಕ ತೀರಿಕೊಂಡರು. ಅವರಿಗೆ ಇನ್ನೂ 28 ವರ್ಷ. ಆ ಸಾವಿನ ನಂತರ ಸೇನೆ ತಾಲೀಮಿನ ವೇಗ ತಗ್ಗಿಸಿತು. ಸುರಕ್ಷತೆಯನ್ನು ಪರಿಶೀಲಿಸಲು ಸಶಸ್ತ್ರ ಪಡೆಗಳ ಮುಖ್ಯಸ್ಥರಿಗೇ ನೇರ ವರದಿ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯನ್ನು ತೆರೆಯಿತು.

ಮೇಲಿನ ವ್ಯವಸ್ಥೆ ಎಷ್ಟೇ ಬಲವಾದರೂ ವಾಹನದ ಒಳಗಿನ ಆ ಒಂದು ನಿಮಿಷ ಅಲ್ಲಿರುವವರ ಕೈಯಲ್ಲೇ ಇರುತ್ತದೆ. ವರ್ಷಕ್ಕೊಮ್ಮೆ ಸೇರುವ ರಿಸರ್ವಿಸ್ಟ್‌ಗಳಿಗೆ ಕೆಲಸದ ಕ್ರಮ ಅರ್ಧ ಮರೆತಿರುತ್ತದೆ. ಆದ್ದರಿಂದ ಮೂರು ರೂಢಿ ಮಾಡಿಕೊಳ್ಳಿ. ಯಂತ್ರ ಚಾಲೂ ಮಾಡುವ ಮುನ್ನ ಒಳಗಿರುವ ಪ್ರತಿಯೊಬ್ಬನ ಹೆಸರು ಹಿಡಿದು ಕೇಳಿ, ಪ್ರತಿಯೊಬ್ಬನಿಂದಲೂ ಉತ್ತರ ಬರುವ ತನಕ ಗುಂಡಿ ಒತ್ತಬೇಡಿ. ಮರೆತ ಕ್ರಮವನ್ನು ಊಹಿಸದೆ ‘ಮತ್ತೊಮ್ಮೆ ತೋರಿಸಿ’ ಎಂದು ಕೇಳಿ. ಏನೋ ಸರಿಯಿಲ್ಲ ಎನಿಸಿದರೆ ಹುದ್ದೆ ನೋಡದೆ ‘ನಿಲ್ಲಿಸಿ’ ಎಂದು ಕೂಗಿ. ಹಾಗೆ ಕೂಗಿದವನನ್ನು ಗೇಲಿ ಮಾಡುವ ತಂಡ ಕೆಟ್ಟ ತಂಡ. ನಿದ್ದೆಗೆಟ್ಟ ಚಾಲಕ ‘ಆಗುವುದಿಲ್ಲ’ ಎಂದರೆ ಅವನಿಗೆ ಧನ್ಯವಾದ ಹೇಳಬೇಕು.

7. ಫೋನ್ ಮತ್ತು ಮನೆಯವರು

ಚಿತ್ರ ತೆಗೆಯಬಾರದ ಕಡೆ ತೆಗೆಯಬೇಡಿ; ಕೈಗಡಿಯಾರದ ಜಿಪಿಎಸ್ ಹಂಚಿಕೆಯನ್ನು ಆಫ್ ಮಾಡಿ. ‘ಸ್ಟ್ರಾವಾ’ ಎಂಬ ಓಟದ ಆಪ್‌ನ ನಕ್ಷೆಯಲ್ಲಿ ಹಲವು ದೇಶಗಳ ಸೇನಾ ನೆಲೆಗಳ ರೂಪುರೇಷೆ ಬಯಲಾಗಿದ್ದು 2018ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ಊರಿನಲ್ಲಿರುವ ಹಿರಿಯರಿಗೆ ಒಂದು ಮಾತು. ಕ್ವೀನ್ಸ್‌ಲ್ಯಾಂಡ್ ನಮಗಿಂತ ನಾಲ್ಕೂವರೆ ಗಂಟೆ ಮುಂದಿದೆ. ನೀವು ರಾತ್ರಿ ಎಂಟೂವರೆಗೆ ಊಟಕ್ಕೆ ಕೂತಾಗ ಅಲ್ಲಿ ನಡುರಾತ್ರಿ ಒಂದು ಗಂಟೆ. ನಮ್ಮ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಅಲ್ಲಿ ಸಂಜೆ. ಮಾತಿಗೆ ಅದು ಒಳ್ಳೆಯ ಹೊತ್ತು. ಬಯಲಿಗೆ ಹೋದ ಮೇಲೆ ದಿನಗಟ್ಟಲೆ ಫೋನ್ ಬಾರದೆ ಇರಬಹುದು. ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಮಗನಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಗಾಳಿಸುದ್ದಿ ನಂಬಿ ಕಂಗಾಲಾಗಬೇಡಿ.

8. ಮರಳಿದ ಮೇಲೆ

ಹೊರಡುವ ಮುನ್ನ ಬೂಟು, ಬ್ಯಾಗು ಮತ್ತೆ ತೊಳೆಯಿರಿ. ಸಿಂಗಾಪುರಕ್ಕೆ ಬಂದ ಮೇಲೆ ಜ್ವರ, ಆರದ ಗಾಯ, ಬಿಡದ ಕೆಮ್ಮು ಇದ್ದರೆ ತಾಲೀಮಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಒಂದೆರಡು ದಿನ ಬಿಡುವು ಮಾಡಿಕೊಂಡು ಕಚೇರಿಗೆ ಹೋಗುವುದು ಉತ್ತಮ. ಸಂಬಳದ ಮೊತ್ತ ಬಂದಿದೆಯೇ ನೋಡಿ.

ಕೊನೆಯದಾಗಿ, ಅಲ್ಲಿ ಕೂದಲೆಳೆಯಲ್ಲಿ ತಪ್ಪಿದ ಪ್ರತಿ ಅವಘಡವನ್ನೂ ಬರೆದು ನಿಮ್ಮ ಘಟಕಕ್ಕೆ ಕೊಡಿ. ಗಾಯವಾಗದೆ ಮುಗಿದ ಘಟನೆಯನ್ನು ಯಾರೂ ದಾಖಲಿಸದಿದ್ದರೆ ಮುಂದಿನ ತಂಡ ಅದೇ ಅಪಾಯಕ್ಕೆ ಮತ್ತೆ ಎದುರಾಗುತ್ತದೆ. ನಿಮ್ಮ ಅರ್ಧ ಪುಟದ ಬರಹ ಮುಂದಿನ ವರ್ಷ ಯಾರದೋ ಮನೆಯ ಮಗನನ್ನು ಕಾಪಾಡಬಹುದು.